ಅರಗಿನ ಮೆರುಗು

ಮರದ ಸಾಮಾನು ಮನೆಗೆ ಬಂದ ಹೊಸತರಲ್ಲಿ ಅದರ ಮೆರುಗನ್ನು ನೋಡಿ ಸಂತೋಷಪಡುತ್ತೇವೆ. ಹತ್ತು ವರ್ಷ ಕಳೆದ ಮೇಲೆ ಮೆರುಗು ಮಾಸಿತೆಂದು ಕೊರಗುತ್ತೇವೆ. ಕೊನೆಗೆ ಬಡಗಿಯನ್ನು ಕರೆಸಿ, “ಎಲ್ಲವನ್ನೂ ಉಜ್ಜಿ ಹೊಸದಾಗಿ ಮಾಡಿಬಿಡಪ್ಪ” ಎನ್ನುತ್ತೇವೆ. ಹೀಗೆ ಉಜ್ಜಿಸುವ ಮೊದಲು ತಿಳಿದಿರಬೇಕಾದ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂಬುದು ನನ್ನ ಇಂದಿನ ಉದ್ದೇಶ.

ಮೆರುಗೆಂಬುದು ಬರಿಯ ಅಲಂಕಾರವಲ್ಲ. ಮರವು ಹಲಗೆಯಾದ ಮೇಲೂ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದೂ ಬೇಸಗೆಯಲ್ಲಿ ಹಲಗೆಯ ಸಂದು ಬಿಡುವುದೂ ಇದರಿಂದಲೇ. ಮೇಲಿನ ಮೆರುಗು ಈ ಏರಿಳಿತವನ್ನು ನಿಧಾನಗೊಳಿಸುತ್ತದೆ. ಜಿಡ್ಡು ಕೊಳೆಗಳು ಮರದ ರಂಧ್ರಕ್ಕೆ ಇಳಿಯದಂತೆ ತಡೆಯುತ್ತದೆ. ಮೈಗೆ ಚರ್ಮವಿದ್ದಂತೆ ಮರಕ್ಕೆ ಮೆರುಗು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬಹುಕಾಲದಿಂದ ಒದಗಿಬಂದ ವಸ್ತು ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ನೆಲಸುವ ಒಂದು ಅತಿಸಣ್ಣ ಕೀಟವು ತನ್ನ ಮೈಯಿಂದ ಸುರಿಸುವ ರಾಳವೇ ಇದು. ಸಂಸ್ಕೃತದ ಲಾಕ್ಷಾ ಇದೇ. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗೂ ಇದೇ. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡನ್ನು ಹಿಡಿದಿಟ್ಟ ಮಿಶ್ರಣದಲ್ಲಿಯೂ ಅರಗು ಮುಖ್ಯ ಭಾಗವಾಗಿತ್ತು. ಅರಗಿನ ಸಂಶೋಧನೆಗೆಂದೇ ರಾಂಚಿಯ ಬಳಿ ನಾಮ್‌ಕುಮ್‌ನಲ್ಲಿ 1924ರಲ್ಲಿ ಒಂದು ಸಂಸ್ಥೆ ಸ್ಥಾಪನೆಯಾಯಿತೆಂದರೆ ಅದರ ಬೆಲೆಯನ್ನು ಊಹಿಸಬಹುದು.

ಚನ್ನಪಟ್ಟಣದ ಬೊಂಬೆಗಳ ಹೊಳಪು ಈ ಅರಗಿನದೇ. ಹಾಲೆ ಮರದ ತುಂಡನ್ನು ಚೆನ್ನಾಗಿ ಒಣಗಿಸಿ, ಚರಕಿಗೆ ಸಿಕ್ಕಿಸಿ, ತಿರುಗುವಾಗಲೇ ಉಳಿಯಿಂದ ರೂಪು ಕೊಡುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಅಲ್ಲಿ ಬೆಂಕಿಯಿಲ್ಲ, ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣಗಿದ ತಾಳೆಗರಿಯಿಂದ ತೀಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಮಿನುಗುತ್ತದೆ. ಬಡಗಿಗಳು ಮೇಜು ಕುರ್ಚಿಗಳಿಗೆ ಕೊಡುವ ಹಳೆಯ ಬಗೆಯ ಪಾಲಿಶ್ ಕೂಡ ಅರಗಿನದೇ. ಅಲ್ಲಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯುಂಡೆಯಿಂದ ಪದರದ ಮೇಲೆ ಪದರವಾಗಿ ತೀಡುತ್ತಾರೆ.

ಹೊಟ್ಟೆಯಲ್ಲಿ ಅನ್ನ ಅರಗುತ್ತದೆ ಎನ್ನುತ್ತೇವೆ. ಆ ಅರಗುವುದಕ್ಕೂ ಈ ಅರಗಿಗೂ ಮೂಲವೊಂದೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಕರಗುವುದೇ ಅರಗಿನ ದೊಡ್ಡ ಗುಣವೆಂಬುದು ನಿಜ. ಹಳೆಯ ಅರಗಿನ ಮೇಲೆ ಹೊಸ ಪಾಲಿಶ್ ತೀಡಿದಾಗ, ಹೊಸದರಲ್ಲಿರುವ ಸ್ಪಿರಿಟ್ ಹಳೆಯ ಪದರವನ್ನು ತುಸು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಆದ್ದರಿಂದ ಗೀರು ಬಿದ್ದ ಕಡೆಯಷ್ಟನ್ನೇ ಸರಿಪಡಿಸಬಹುದು. ಈಚಿನ ಪಾಲಿಯುರಿಥೇನ್ ಮೊದಲಾದ ಲೇಪನಗಳು ನೀರಿಗೂ ಕಾವಿಗೂ ಹೆಚ್ಚು ತಡೆಯುತ್ತವೆ, ಒಪ್ಪತಕ್ಕದ್ದೇ. ಆದರೆ ಒಮ್ಮೆ ಕೆಟ್ಟರೆ ಹಾಗೆ ಬೆಸೆದುಕೊಳ್ಳುವುದಿಲ್ಲ, ಬಹುಮಟ್ಟಿಗೆ ಕೆರೆದೇ ತೆಗೆಯಬೇಕಾಗುತ್ತದೆ.

ಕರಗುವ ಗುಣವೇ ಅರಗಿನ ದೌರ್ಬಲ್ಯವೂ ಹೌದು. ಐರೋಪ್ಯರ ಹೊಗೆಸೊಪ್ಪಿನ ಪೈಪುಗಳನ್ನು ನೋಡಿ. ಮೆಡಿಟರೇನಿಯನ್ ಸೀಮೆಯ ಎರಿಕಾ ಎಂಬ ಪೊದೆಯ ಬುಡದ ಗಂಟಿನಿಂದ ಅವನ್ನು ಕಡೆಯುತ್ತಾರೆ. ಒಳಗೆ ಕೆಂಡವಿರುವುದರಿಂದ ಹೊರಮೈಯ ಅರಗು ಮೆತ್ತಗಾಗಿ ಏಳಬಹುದು. ಅದಕ್ಕೆ ಬಲ್ಲವರು ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣವನ್ನು ತಿರುಗುವ ಬಟ್ಟೆಯ ಗಾಲಿಯಿಂದ ತೀಡುತ್ತಾರೆ. ಅದು ಕರಗಲು 80 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಹೊಗೆಯ ಚಟ ಕೆಟ್ಟದ್ದೇ. ಆದರೆ ವಸ್ತುವಿನ ಬಳಕೆಯನ್ನರಿತು ಮೆರುಗನ್ನು ಆರಿಸಬೇಕೆಂಬ ಪಾಠವನ್ನು ಅಲ್ಲಿಂದಲೂ ಕಲಿಯಬಹುದು.

ಇನ್ನು ಮನೆಯ ಮಾತು. ಅರಗಿನ ಮೆರುಗಿರುವ ಮೇಜಿನ ಮೇಲೆ ಬಿಸಿ ಕಾಫಿಯ ಲೋಟವನ್ನು ನೇರವಾಗಿ ಇಡಬಾರದು; ಕಾವಿಗೂ ತೇವಕ್ಕೂ ಬಿಳಿಯ ಬಳೆಯಂಥ ಕಲೆ ಏಳುತ್ತದೆ. ಸ್ಪಿರಿಟ್ ಸೋಕಬಾರದು; 2020ರಿಂದೀಚೆಗೆ ಮನೆಮನೆಗೂ ಬಂದ ಕೈತೊಳೆಯುವ ಸ್ಯಾನಿಟೈಜರುಗಳಲ್ಲಿ ಬಹುಪಾಲಿನವು ಸ್ಪಿರಿಟ್ ಕುಲದವೇ ಎಂಬುದನ್ನು ಮರೆಯಬಾರದು. ಧೂಳನ್ನು ಮೆತ್ತನೆಯ ಒಣಬಟ್ಟೆಯಿಂದ ಹಗುರವಾಗಿ ತೆಗೆಯಬೇಕು. ಒದ್ದೆಬಟ್ಟೆ ಬೇಕೇಬೇಕಾದರೆ ಚೆನ್ನಾಗಿ ಹಿಂಡಿ, ಒರೆಸಿದೊಡನೆ ಒಣಬಟ್ಟೆ ಆಡಿಸಬೇಕು. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವುದು ಹಲವು ಮನೆಗಳ ರೂಢಿ. ಅದು ಒಣಗುವ ಎಣ್ಣೆಯಲ್ಲ. ಮೇಲೆಯೇ ನಿಂತು ಧೂಳನ್ನು ಕರೆಯುತ್ತದೆ. ಅದರ ಬದಲು ವರ್ಷಕ್ಕೊಂದೆರಡು ಬಾರಿ ಜೇನುಮೇಣದ ಪಾಲಿಶನ್ನು ತೀರ ತೆಳ್ಳಗೆ ಸವರಿ, ಆರಿದ ಮೇಲೆ ಒಣಬಟ್ಟೆಯಿಂದ ತೀಡಿದರೆ ಸಾಕು.

ಹಳೆಯ ಸಾಮಾನಿನ ಮೆರುಗು ಯಾವುದೆಂದು ತಿಳಿಯದಿದ್ದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಮುಟ್ಟಿಸಿ ನೋಡಿ. ಜಾಗ ಬೇಗನೆ ಅಂಟಂಟಾದರೆ ಅದು ಬಹುಮಟ್ಟಿಗೆ ಅರಗೇ. ಆಗ ಉಪ್ಪುಕಾಗದದ ಗೊಡವೆಯೇ ಬೇಡ. ಬಲ್ಲವನೊಬ್ಬ ಹತ್ತಿಯುಂಡೆಯಿಂದಲೇ ಮೆರುಗನ್ನು ಮರಳಿ ತಂದಾನು. ಬೀಟೆ ಮರದಲ್ಲಿ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸಿದ ಮೈಸೂರಿನ ಪಟಗಳ ವಿಷಯದಲ್ಲಂತೂ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಆ ಚೂರುಗಳು ತೆಳುವಾದವು. ಉಪ್ಪುಕಾಗದ ಉಜ್ಜಿದರೆ ಕೊಳೆಯೊಡನೆ ಚಿತ್ರವೂ ಸವೆಯುತ್ತದೆ. ಸವೆದ ಮರವನ್ನು ಯಾವ ಪಾಲಿಶೂ ತಂದುಕೊಡದು.

ಅಜ್ಜಿಯ ತೊಟ್ಟಿಲಿನ ಅಂಚು, ತಾತನ ಕುರ್ಚಿಯ ತೋಳು ಎಷ್ಟೋ ಕೈಗಳು ಮುಟ್ಟಿ ನುಣುಪಾದವು. ಆ ನುಣುಪನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಹೊಸದರಂತೆ ಕಾಣಬೇಕೆಂಬ ಆತುರದಲ್ಲಿ ಒಂದು ಮಧ್ಯಾಹ್ನ ಅದನ್ನು ಕೆರೆದುಹಾಕಿದರೆ ಎರಡು ತಲೆಮಾರಿನ ಗುರುತು ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಮೆರುಗನ್ನು ಮತ್ತೆ ಕೊಡಬಹುದು, ಮರವನ್ನು ಮತ್ತೆ ತರಲಾಗದು. ಉಜ್ಜುವವನನ್ನು ಕರೆಯುವ ಮುನ್ನ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಳ್ಳಿ ಎಂಬುದಿಷ್ಟೇ ನನ್ನ ಅರಿಕೆ.