ನಾವು ಯಾರ ಪಕ್ಕದಲ್ಲಿ ನಿಲ್ಲುತ್ತೇವೆ?

(ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಪ್ರಬೋಧನೆ)



ಇಂದು ನಮಗೆ ಎರಡು ಹಬ್ಬಗಳ ಸಂಭ್ರಮ. ಮಾತೆ ಮರಿಯಮ್ಮನವರನ್ನು ದೇವರು ಆತ್ಮ ಶರೀರಗಳೊಡನೆ ಸ್ವರ್ಗಕ್ಕೆ ಬರಮಾಡಿಕೊಂಡ ಹಬ್ಬ ಒಂದು. 1947ರಲ್ಲಿ ನಮ್ಮ ನಾಡು ಸ್ವತಂತ್ರವಾದ ದಿನ ಇನ್ನೊಂದು. 1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂದಿತು. ಅದೇ ವರ್ಷ ನವೆಂಬರ್ 1ರಂದು ಹನ್ನೆರಡನೇ ಪಿಯುಸ್ ಜಗದ್ಗುರುಗಳು ಮರಿಯಮ್ಮನವರ ಸ್ವರ್ಗಸ್ವೀಕಾರವನ್ನು ವಿಶ್ವಾಸಸತ್ಯವೆಂದು ಘೋಷಿಸಿದರು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಂವಿಧಾನ ಹೇಳಿತು. ನಜರೇತಿನ ಬಡ ಹೆಣ್ಣುಮಗಳೊಬ್ಬಳ ದೇಹಕ್ಕೂ ದೇವರ ಬಳಿ ಎಷ್ಟು ಬೆಲೆಯಿದೆ ಎಂಬುದನ್ನು ಧರ್ಮಸಭೆ ಸಾರಿತು.

ಇಂದಿನ ಶುಭಸಂದೇಶದಲ್ಲಿ ಮರಿಯಮ್ಮನವರು ಬೆಟ್ಟದ ಸೀಮೆಗೆ ಅವಸರದಿಂದ ಹೋಗುತ್ತಾರೆ. ತಾವೇ ಗರ್ಭಿಣಿ; ಆದರೂ ವಯಸ್ಸಾದ ಎಲಿಜಬೇತಮ್ಮನವರ ನೆರವಿಗೆ ಹೋಗುತ್ತಾರೆ. ಅಲ್ಲಿ ಅವರು ಹಾಡುವ ಸ್ತುತಿಯಲ್ಲಿ ದೇವರು ಸೊಕ್ಕಿದವರನ್ನು ಕೆಳಗಿಳಿಸುತ್ತಾರೆ, ದೀನರನ್ನು ಎತ್ತುತ್ತಾರೆ, ಹಸಿದವರ ಹೊಟ್ಟೆ ತುಂಬಿಸುತ್ತಾರೆ. ಈ ಸ್ತುತಿಯನ್ನು ನಾವು ದಿನವೂ ಸಂಜೆಯ ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಆದರೆ ಅದರ ಅರ್ಥ ನಮ್ಮ ಊರಿನ ಹೊಲಗಳ ತನಕ ಇಳಿದಿದೆಯೇ?

ಪ್ರಿಯರೇ, ರೋಣ, ನರಗುಂದ, ಗಜೇಂದ್ರಗಡದ ಈ ಎರೆಭೂಮಿಗೆ ನ್ಯಾಯದ ಮಾತು ಹೊಸದಲ್ಲ. 1858ರಲ್ಲಿ ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದು ನಿಂತರು. ರೋಣ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಸ್ವಾತಂತ್ರ್ಯಕ್ಕಾಗಿಯೂ ಕರ್ನಾಟಕದ ಏಕೀಕರಣಕ್ಕಾಗಿಯೂ ದುಡಿದರು. 1980ರಲ್ಲಿ ಇಲ್ಲಿನ ಸಾಮಾನ್ಯ ರೈತರೇ ಎದ್ದು ನಿಂತರು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ್ದಾಯಿತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ನೀರಿನ ಕರ, ಅಭಿವೃದ್ಧಿ ಕರ ಬಂದವು. ಹತ್ತಿಯ ಬೆಲೆ ಬಿದ್ದಿತ್ತು. ಆ ವರ್ಷದ ಜುಲೈ 21ರಂದು ರೈತರು ಬೀದಿಗಿಳಿದರು, ಗೋಲಿಬಾರು ನಡೆಯಿತು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಆ ದಿನದ ಹಿಂಸೆಯಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಅವರ ಮನೆಗಳಲ್ಲೂ ತಾಯಂದಿರಿದ್ದರು ಎಂಬುದನ್ನು ನಾವು ಮರೆಯಬಾರದು. ನ್ಯಾಯಕ್ಕಾಗಿ ನಿಲ್ಲುವವರ ಕೈಗೆ ರಕ್ತ ಅಂಟಬಾರದು ಎಂಬುದು ಶಿಲುಬೆಯ ಪಾಠ.

ಆ ಬಂಡಾಯದಿಂದ ರಾಜ್ಯದಾದ್ಯಂತ ರೈತ ಚಳವಳಿ ಬೆಳೆಯಿತು. 2015ರ ಜುಲೈಯಲ್ಲಿ ಮಹದಾಯಿ, ಕಳಸಾ-ಬಂಡೂರಿಯ ನೀರಿಗಾಗಿ ಮತ್ತೆ ನರಗುಂದದಲ್ಲೇ ರೈತರು ಧರಣಿ ಕುಳಿತರು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು.

ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಇಂಥ ಹೊತ್ತಿನಲ್ಲಿ ನಾವು ಎಲ್ಲಿರುತ್ತೇವೆ? "ನಾವು ಇಲ್ಲಿ ಬೆರಳೆಣಿಕೆಯ ಜನ, ಊರ ಉಸಾಬರಿ ನಮಗೇಕೆ? ಪೂಜೆ ಮುಗಿಸಿ ಮನೆ ಸೇರಿದರೆ ಸಾಕು" ಎನ್ನುತ್ತೇವೆ. ಇದು ವಿನಯವಲ್ಲ, ಅಂಜಿಕೆ. ಮರಿಯಮ್ಮನವರು ಎಷ್ಟು ಜನರನ್ನು ಕರೆದುಕೊಂಡು ಬೆಟ್ಟ ಹತ್ತಿದರು? ನಾಬೋತನ ದ್ರಾಕ್ಷಾತೋಟವನ್ನು ಅರಸ ಅಹಾಬ ಕಿತ್ತುಕೊಂಡಾಗ, ಅವನೆದುರು ನಿಂತದ್ದು ಪ್ರವಾದಿ ಎಲೀಯ ಒಬ್ಬನೇ. ಹಿಟ್ಟು ಹುಳಿಯಾಗಲು ಚಿಟಿಕೆ ಹುಳಿ ಸಾಕೆಂದು ಯೇಸುಸ್ವಾಮಿ ಹೇಳಿದ್ದು ನಮ್ಮಂಥ ಚಿಕ್ಕ ಹಿಂಡಿಗೇ ಅಲ್ಲವೇ?

ನಮ್ಮ ಹಕ್ಕಿಗೆ ಕುತ್ತು ಬಂದಾಗ ನಾವು ಕೂಗುತ್ತೇವೆ, ಕೂಗಲೇಬೇಕು. ಆದರೆ ನಮ್ಮ ಪೂಜೆಗೆ ಬರದವರ ಹಕ್ಕಿಗೆ ಕುತ್ತು ಬಂದಾಗಲೂ ನಮ್ಮ ಬಾಯಿ ತೆರೆದರೆ, ಆಗ ಅದು ಕ್ರೈಸ್ತರ ದನಿ. ಒಳ್ಳೆಯ ಸಮಾರಿಯದವನು ಗಾಯಗೊಂಡವನ ಕುಲ ಕೇಳಲಿಲ್ಲ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಈ ದಿನಗಳಲ್ಲಿ ರೋಣದ ಹೊಲಗಳಲ್ಲಿ ಹೆಸರು ಬಿಡಿಸುವ ಕೆಲಸ. ಬೆನ್ನು ಬಗ್ಗಿಸಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸಂಜೆ ಕೂಲಿ ಎಣಿಸುವಾಗ ಗಂಡಾಳಿಗೆ ಒಂದು ಲೆಕ್ಕ, ಹೆಣ್ಣಾಳಿಗೆ ಇನ್ನೊಂದು ಲೆಕ್ಕ. ಗಜೇಂದ್ರಗಡದ ಮಗ್ಗದಲ್ಲಿ ನೇಯುವವನ ಕೂಲಿ ಲೆಕ್ಕಕ್ಕೆ ಬರುತ್ತದೆ. ಮೂಲೆಯಲ್ಲಿ ಕುಳಿತು ಕಂಡಿಕೆ ಸುತ್ತುವ ಆಕೆಯ ದುಡಿಮೆ ಯಾರ ಲೆಕ್ಕದಲ್ಲಿದೆ? ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತು. 2019ರ ವೇತನ ಸಂಹಿತೆಯೂ ಅದೇ ಮಾತನ್ನು ಉಳಿಸಿಕೊಂಡಿದೆ. ಅದಕ್ಕೂ ಬಹಳ ಹಿಂದೆ, 1891ರಲ್ಲಿ, ಹದಿಮೂರನೇ ಲಿಯೋ ಜಗದ್ಗುರುಗಳು ದುಡಿದವರ ಕೂಲಿಯನ್ನು ಕಸಿಯುವುದು ಘೋರ ಪಾಪವೆಂದು ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಹಿಡಿದಿಟ್ಟ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರೂ ಬರೆದಿದ್ದಾರೆ.

ಸರ್ಕಾರದಿಂದ ನ್ಯಾಯ ಕೇಳುವ ನಾವು ನಮ್ಮ ಹೊಲದ ಬದುವಿನಲ್ಲಿ ಅದನ್ನು ಕೊಡದಿದ್ದರೆ ನಮ್ಮ ಮಾತಿಗೆ ತೂಕವೆಲ್ಲಿ? ತಾಯಿಯ ಸ್ವರೂಪಕ್ಕೆ ಹೂವಿನ ಕಿರೀಟ ಇಟ್ಟು, ಹೊರಗೆ ಹೆಣ್ಣುಮಗಳ ಕೂಲಿಯಲ್ಲಿ ಮುರಿದುಕೊಂಡರೆ ಆ ತಾಯಿ ಮೆಚ್ಚುವಳೇ?

ಆದ್ದರಿಂದ ಈ ಹಬ್ಬದಂದು ಮೂರು ಸಂಕಲ್ಪ ಮಾಡೋಣ. ಒಂದು, ನಮ್ಮ ಮನೆ, ಹೊಲ, ಸಂಸ್ಥೆಗಳಲ್ಲಿ ಒಂದೇ ಕೆಲಸಕ್ಕೆ ಒಂದೇ ಕೂಲಿ. ಎರಡು, ಗ್ರಾಮಸಭೆಗೆ ತಪ್ಪದೆ ಹೋಗುವುದು, ಅಲ್ಲಿ ದನಿಯಿಲ್ಲದವರ ಪರವಾಗಿ ಒಂದು ಮಾತಾದರೂ ಆಡುವುದು. ಮೂರು, ಪಿಂಚಣಿಗೋ ಪಡಿತರ ಚೀಟಿಗೋ ಕಚೇರಿ ಅಲೆಯುವ ನೆರೆಯವರ ಜೊತೆಗೆ ಒಂದು ದಿನ ನಾವೂ ಹೋಗಿ ನಿಲ್ಲುವುದು. ಓದು ಬಾರದವರಿಗೆ ಅರ್ಜಿ ಬರೆದುಕೊಡುವುದೂ ಒಂದು ಪ್ರಾರ್ಥನೆಯೇ.

ಅವಸರದಿಂದ ನೆರೆಯವರ ಬಳಿಗೆ ನಡೆದ ತಾಯಿಯೇ, ನಮ್ಮ ಕಾಲುಗಳ ಅಂಜಿಕೆ ಬಿಡಿಸು. ದ್ವೇಷವಿಲ್ಲದ ಧೈರ್ಯವನ್ನು ನಿನ್ನ ಪುತ್ರನಿಂದ ನಮಗೆ ಬೇಡಿಕೊಡು. ಆಮೆನ್.