ತಪ್ಪು ಒಬ್ಬನದು, ತಲೆ ತಗ್ಗಿಸುವುದು ಮನೆಮಂದಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಚಚಡಿ ಗ್ರಾಮಕ್ಕೆ ಇಂದು ಹಬ್ಬದ ದಿನ. ಸಂಘಕ್ಕೆ 25 ವರ್ಷ ತುಂಬಿದೆ. ಸಾಲ, ಠೇವು, ಗೊಬ್ಬರ, ಬೀಜದ ಲೆಕ್ಕವನ್ನು ನಮಗಿಂತ ಮೊದಲು ಮಾತಾಡಿದವರು ಹೇಳಿ ಮುಗಿಸಿದ್ದಾರೆ. ನಮಗೆ ‘ಸಹಕಾರ ಮತ್ತು ನೀತಿ’ ಅಂತ ವಿಷಯ ಕೊಟ್ಟಾರ. ನೀತಿ ಹೇಳುವಷ್ಟು ದೊಡ್ಡವರು ನಾವಲ್ಲ. ಕಣ್ಣಾರೆ ಕಂಡದ್ದೊಂದು, ಕೈಯಾರೆ ತಪ್ಪು ಮಾಡಿದ್ದೊಂದು ಹೇಳಿ ಕೂಡ್ರತೇವಿ.

ಹರದಾಸರು ಹೇಳುವ ಒಂದು ಕಥೆ ನೀವೆಲ್ಲ ಕೇಳೀರಿ. ಒಬ್ಬ ದಾರಿಗಳ್ಳ ಇದ್ದ. ಒಂದು ದಿನ ಋಷಿಯನ್ನು ಅಡ್ಡಗಟ್ಟಿದ. ‘ಇದನ್ನೆಲ್ಲ ಯಾರ ಸಲುವಾಗಿ ಮಾಡತಿ?’ ಅಂತ ಋಷಿ ಕೇಳಿದರು. ‘ಹೆಂಡತಿ ಮಕ್ಕಳ ಸಲುವಾಗಿ’ ಅಂದ. ‘ಹಂಗಾದರ ಈ ಪಾಪದಾಗ ಪಾಲು ತಗೋತಾರೇನು, ಕೇಳಿಕೊಂಡು ಬಾ’ ಅಂದರು. ಅವನು ಹೋಗಿ ಕೇಳಿದ. ‘ನಮಗ ಅನ್ನ ಹಾಕೋದು ನಿನ್ನ ಧರ್ಮ, ಪಾಪ ಮಾತ್ರ ನಿಂದs’ ಅಂದರು ಮನೆಮಂದಿ. ಅಲ್ಲಿಗೆ ಅವನ ಕಣ್ಣು ತೆರೆಯಿತು.

ಕಥೆ ಚಲೋ ಐತಿ. ಆದರೆ ನಮ್ಮ ಹಳ್ಳಿಗಳಲ್ಲಿ ನಡೆಯುವುದು ಹೀಗಲ್ಲ. ಇಲ್ಲಿ ಮನೆಮಂದಿ ‘ನಮಗ ಪಾಲು ಬ್ಯಾಡ’ ಅಂದರೂ ಪಾಲು ತಪ್ಪುವುದಿಲ್ಲ.

ಸಹಕಾರ ಸಂಘದವರಿಗೆ ಇದು ತಿಳಿಯದ ಮಾತಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದರ ಹಿಂದಿನ ವರ್ಷ, 1904ರಲ್ಲಿ ಬಂದ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ‘ಅಪರಿಮಿತ ಹೊಣೆ’ ಇತ್ತು. ಸಂಘ ಮುಳುಗಿದರೆ ಸದಸ್ಯನ ಶೇರಿನ ರೊಕ್ಕ ಅಷ್ಟೇ ಹೋಗುತ್ತಿರಲಿಲ್ಲ, ಅವನ ಹೊಲ ಮನೆಗೂ ಅದು ತಟ್ಟುತ್ತಿತ್ತು. ಒಬ್ಬ ದಾರಿ ತಪ್ಪಿದರೆ ಎಲ್ಲರಿಗೂ ಪೆಟ್ಟು. ಹೀಗಾಗಿ ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟು ನಡೆದರು. ಇಂದು ಕಾಗದದ ಮೇಲಿನ ಹೊಣೆಗೆ ಮಿತಿ ಬಂದಿದೆ. ಸಂಸಾರದ ಹೊಣೆಗೆ ಮಾತ್ರ ಮಿತಿ ಬಂದಿಲ್ಲ. ಮನೆ ಅನ್ನುವುದು ಇಂದಿಗೂ ಅಪರಿಮಿತ ಹೊಣೆಯ ಸಂಘವೇ.

ಈಗ ಕಂಡದ್ದನ್ನ ಹೇಳತೇವಿ. ಊರ ಹೆಸರು ಬ್ಯಾಡ, ಮನೆತನದ ಹೆಸರೂ ಬ್ಯಾಡ. ಒಂದು ಊರಿನ ಸಂಘಕ್ಕೆ ಒಬ್ಬ ಸೆಕ್ರೆಟರಿ ಇದ್ದರು. ಮೃದು ಸ್ವಭಾವದ ಮನುಷ್ಯ, ಎಲ್ಲರಿಗೂ ಬೇಕಾದವರು. ಮನೆಯಲ್ಲಿ ತಂದೆ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು. ಮಗನ ಕಾಲೇಜಿನ ಫೀ ಕಟ್ಟುವ ಹೊತ್ತಿಗೆ ಕೈಯಲ್ಲಿ ರೊಕ್ಕ ಇರಲಿಲ್ಲ. ರೈತನೊಬ್ಬ ಸಾಲ ತುಂಬಿ ಹೋಗಿದ್ದ. ‘ಎರಡು ದಿನ ಬಿಟ್ಟು ಜಮಾ ಮಾಡಿದರಾತು’ ಅಂತ ಪಾವತಿ ಹರಿಯದೆ ಆ ರೊಕ್ಕ ಬಳಸಿದರು. ಎರಡು ದಿನ ಎರಡು ತಿಂಗಳಾಯಿತು. ಅದನ್ನು ಮುಚ್ಚಲು ಇನ್ನೊಬ್ಬನ ರೊಕ್ಕ, ಅದನ್ನು ಮುಚ್ಚಲು ಮತ್ತೊಬ್ಬನದು. ಮೂರು ವರ್ಷಕ್ಕೆ ಲೆಕ್ಕ ತಪಾಸಣೆಯಲ್ಲಿ ಅಫರಾತಫರಿ ಹೊರಬಿತ್ತು.

ಮೊದಲ ಪೆಟ್ಟು ಬಡ ರೈತರಿಗೆ ಬಿತ್ತು, ಅದನ್ನ ಮರೀಬಾರದು. ಸಾಲ ತುಂಬಿದವರ ಹೆಸರಿನಲ್ಲಿ ಸಾಲ ಹಾಗೇ ನಿಂತಿತ್ತು. ಬಿತ್ತನೆಗೆ ಹೊಸ ಸಾಲ ಸಿಗಲಿಲ್ಲ. ಕೆಲವರು ಬಡ್ಡಿಯವರ ಬಾಗಿಲಿಗೆ ಹೋದರು. ಅವರ ಮನೆಗಳಲ್ಲೂ ಮಕ್ಕಳಿದ್ದರು.

ಎರಡನೆಯ ಪೆಟ್ಟು ಸೆಕ್ರೆಟರಿಯವರ ಮನೆಗೆ. ಅವರ ತಂದೆ ದಿನಾಲೂ ಸಂಜೆ ಹನುಮಪ್ಪನ ಗುಡಿ ಕಟ್ಟೆಗೆ ಬಂದು ಕೂಡ್ರುವವರು. ಅಂದಿನಿಂದ ಕಟ್ಟೆಗೆ ಬರಲಿಲ್ಲ, ಹಿತ್ತಲ ಓಣಿ ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಹೆಂಡತಿ ತನ್ನ ಬೋರಮಾಳ, ಪಾಟ್ಲಿ ಬಿಚ್ಚಿ ತಂದು ಸಂಘದ ಮೇಜಿನ ಮೇಲಿಟ್ಟಳು. ಒಂದು ಮಾತಾಡಲಿಲ್ಲ. ಯಾವ ಮಗನ ಫೀ ಸಲುವಾಗಿ ಇದು ಸುರು ಆಗಿತ್ತೋ, ಆ ಮಗನೇ ಕಾಲೇಜು ಬಿಟ್ಟು ಬೆಳಗಾವಿಗೆ ಕೆಲಸಕ್ಕೆ ಹೋದ. ಕಾಯ್ದೆ ತನ್ನ ಕೆಲಸ ಮಾಡಿತು. 1959ರ ನಮ್ಮ ಸಹಕಾರ ಕಾಯ್ದೆಯಲ್ಲಿ 69ನೇ ಕಲಂ ಐತಿ. ಸಂಘ ನಡೆಸಿದವರು ರೊಕ್ಕ ತಿಂದರೆ ಅವರಿಂದ ವಸೂಲು ಮಾಡುವ ಕಲಂ ಅದು. ತಪ್ಪು ಮಾಡಿದವ ಸತ್ತಿದ್ದರೆ, ಅವನ ಆಸ್ತಿಗೆ ವಾರಸಾದವರು ಬಂದು ಉತ್ತರ ಕೊಡಬೇಕು. ಅಂದರೆ ಸಾವು ಬಂದರೂ ಆ ಲೆಕ್ಕ ಮುಗಿಯುವುದಿಲ್ಲ, ಮನೆಯ ಬಾಗಿಲಿಗೇ ಬರುತ್ತದೆ.

ಕಾಯ್ದೆಗಾದರೂ ಒಂದು ಅಳತೆ ಐತಿ. ಊರ ಬಾಯಿಗೆ ಅಳತೆ ಇಲ್ಲ. ಆ ಮಗ ಜಾತ್ರೆಗೆ ಊರಿಗೆ ಬಂದರೆ ಹುಡುಗರು ‘ಮಲ್ಲಪ್ಪಶೆಟ್ಟಿ ಬಂದ’ ಅಂತ ಕೂಗುತ್ತಿದ್ದರು.

ಕಿತ್ತೂರ ನಾಡಿನ ನಮಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಪ್ಪಶೆಟ್ಟಿ, ವೆಂಕಟರಾವ ಅನ್ನುವ ಎರಡು ಹೆಸರು ಕಿತ್ತೂರಿನ ಅನ್ನ ಉಂಡು ದ್ರೋಹ ಬಗೆದವರ ಹೆಸರು ಅಂತ ಲಾವಣಿ, ನಾಟಕಗಳಲ್ಲಿ ಕೇಳುತ್ತ ಬೆಳೆದೇವಿ. 2024ಕ್ಕೆ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿತು. ಅಷ್ಟು ವರ್ಷವಾದರೂ ಆ ಹೆಸರುಗಳ ಮೇಲಿನ ಮಸಿ ಹೋಗಿಲ್ಲ. ತಪ್ಪು ಮಾಡುವವನು ತನ್ನ ಆಯುಷ್ಯದ ಲೆಕ್ಕ ಅಷ್ಟೇ ಹಾಕುತ್ತಾನೆ. ಹೆಸರಿನ ಆಯುಷ್ಯ ಬಹಳ ದೊಡ್ಡದು.

ಆದರೆ ಅದೇ ಕಿತ್ತೂರಿನಿಂದ ಇನ್ನೊಂದು ಪಾಠವೂ ಐತಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಕೋಟೆಯ ಮುಂದೆ ಸತ್ತು ಬಿದ್ದ. ಅವನ ಕೈಕೆಳಗಿನ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು. ರಾಣಿ ಚೆನ್ನಮ್ಮ ಅವರ ಜೀವಕ್ಕೆ ಕೇಡು ಬಗೆಯಲಿಲ್ಲ, ಮುಂದೆ ಅವರನ್ನು ಬಿಟ್ಟು ಕಳಿಸಿದಳು. ಯುದ್ಧದ ನಡುವೆಯೂ ಕಲೆಕ್ಟರನ ಸೊಕ್ಕನ್ನು ಉಳಿದವರ ತಲೆಗೆ ಕಟ್ಟಲಿಲ್ಲ. ಮಲ್ಲಪ್ಪಶೆಟ್ಟಿಯ ಹೆಸರು ನೆನಪಿಟ್ಟ ನಾವು, ಚೆನ್ನಮ್ಮನ ಈ ನಡತೆಯನ್ನ ಎಷ್ಟು ನೆನಪಿಟ್ಟೇವಿ?

ಹೀಗೆ ಕೇಳಲು ನಮಗೆ ಬಾಯಿಲ್ಲ. ಯಾಕಂದರ ಕೈಯಾರೆ ಮಾಡಿದ ತಪ್ಪು ಇಲ್ಲೇ ಐತಿ. ಆ ಸೆಕ್ರೆಟರಿಯವರ ಮಗಳನ್ನು ನಮ್ಮ ಅಕ್ಕನ ಮಗನಿಗೆ ತರಬೇಕೆಂದು ಮಾತಾಗಿತ್ತು. ಹುಡುಗಿ ಓದಿದಾಕಿ, ಗುಣವಂತಿ. ಸಕ್ಕರೆ ಹಂಚುವುದೊಂದು ಬಾಕಿ ಇತ್ತು. ಸುದ್ದಿ ಕೇಳಿದ ಮೇಲೆ ನಾವು ಆ ಊರ ದಾರಿ ತುಳಿಯಲಿಲ್ಲ. ‘ಆಗೂದಿಲ್ಲ’ ಅಂತ ಹೇಳಿ ಕಳಿಸುವಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ. ಸುಮ್ಮನಾದೇವಿ. ನಮ್ಮ ಮನೆತನ ಉಳಿಸಿಕೊಂಡೇವಿ ಅಂತ ತಿಳಿದೇವಿ. ಆ ಹುಡುಗಿ ಯಾವ ಪುಸ್ತಕದಾಗ ಸುಳ್ಳು ಬರೆದಿದ್ದಳು?

ಕೆಲವು ವರ್ಷಗಳ ಮೇಲೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಆಕೆಯೇ ನಮ್ಮನ್ನು ಗುರುತಿಸಿದಳು. ‘ಕಾಕಾರ, ಆರಾಮ ಅದೀರಿ?’ ಅಂತ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಶಾಲೆಯಲ್ಲಿ ಕಲಿಸುತ್ತಿದ್ದಳು. ತಾಯಿ, ಅಣ್ಣ, ತಾನು ಕೂಡಿ ಸಂಘದ ರೊಕ್ಕ ಕಂತು ಕಂತಾಗಿ ತುಂಬಿ ಮುಗಿಸಿದ್ದರು. ನಮಗೆ ಮುಖ ಎತ್ತಲಾಗಲಿಲ್ಲ. ‘ತಂಗಿ, ಅವತ್ತು ನಾವು...’ ಅಂತ ಸುರು ಮಾಡಿದೇವಿ. ಆಕೆ ಅದನ್ನು ಮುಂದುವರಿಸಗೊಡಲಿಲ್ಲ. ತಂದೆಯ ಮಾತು ಬಂದಾಗ ಇಷ್ಟೇ ಅಂದಳು: ‘ಅಪ್ಪ ಎಲ್ಲಾ ನಮ್ಮ ಸಲುವಾಗಿ ಮಾಡಿದ್ನಿ ಅಂತಾನ ಕಾಕಾರ. ಆದರ ನಮ್ಮನ್ನ ಒಂದು ಮಾತು ಕೇಳಲಿಲ್ಲ. ಕೇಳಿದ್ದರ, ಒಂದು ಹೊತ್ತು ಉಂಡು ಇರತಿದ್ದಿವಿ.’

ಬಸ್ಸು ಬಂತು, ಹೋದಳು. ಆ ಮಾತು ನಮ್ಮ ಹತ್ತಿರ ಉಳಿಯಿತು. ಕಥೆಯ ದಾರಿಗಳ್ಳ ತಡವಾಗಿಯಾದರೂ ಮನೆಗೆ ಹೋಗಿ ಕೇಳಿದ. ನಾವು ಕೇಳುವುದೇ ಇಲ್ಲ. ಹೆಂಡತಿ ಮಕ್ಕಳ ಹೆಸರು ಹೇಳಿ ಮಾಡುತ್ತೇವೆ, ಅವರಿಗೇ ಮುಚ್ಚಿಡುತ್ತೇವೆ. ಅವರು ಬೇಡ ಅಂದಾರು ಅನ್ನುವ ಅಂಜಿಕೆ ಒಳಗಿರುತ್ತದೆ. ಮನೆಯಲ್ಲಿ ಹೇಳಲು ಬಾರದ ರೊಕ್ಕ ಮನೆಯ ಸಲುವಾಗಿ ತಂದ ರೊಕ್ಕ ಆಗಲಾರದು.

ಬಂಧುಗಳೆ, ರಜತ ಮಹೋತ್ಸವದ ದಿನ ಮೂರು ಮಾತು ಹೇಳಿ ಮುಗಿಸತೇವಿ. ಒಂದು, ಸಂಘಕ್ಕೆ ರೊಕ್ಕ ತುಂಬಿದವರು ಪಾವತಿ ಕೇಳಿ ಪಡೆಯಿರಿ. ಆಡಳಿತ ಮಂಡಳಿಯವರು ಓದದೆ ಸಹಿ ಮಾಡಬೇಡಿರಿ. ಬಿಗಿ ಲೆಕ್ಕ ಅಂದರೆ ಸೆಕ್ರೆಟರಿಯ ಮೇಲೆ ಸಂಶಯ ಅಲ್ಲ, ಅವರ ಮಕ್ಕಳ ಮೇಲಿನ ಕಾಳಜಿ. ಎರಡು, ಅಡಚಣೆ ಬಂದರೆ ಮೊದಲು ಮನೆಯಲ್ಲಿ ಬಾಯಿ ಬಿಡಿರಿ. ಸಾಲ ತಂದು ಬೇರೆ ಕಡೆ ಹಾಕಿದವರು, ಗೆಳೆಯನನ್ನ ಜಾಮೀನು ಮಾಡಿ ಕಟಬಾಕಿ ಉಳಿಸಿದವರು, ಎಲ್ಲರಿಗೂ ಈ ಮಾತು. ಜಾಮೀನಾದವನಿಗೂ ಒಂದು ಮನೆ ಐತಿ. ಮೂರು, ತಪ್ಪು ಮಾಡಿದವನಿಂದ ಒಂದು ಪೈಸೆ ಬಿಡದೆ ವಸೂಲು ಮಾಡಿರಿ. ಅವನ ಮನೆಮಂದಿಯನ್ನ ಮಾತ್ರ ನೀರಿಗೆ, ಕಟ್ಟೆಗೆ, ಮದುವೆಗೆ ದೂರ ಮಾಡಬೇಡಿರಿ. ಅವರು ತಪ್ಪಿನಲ್ಲಿ ಪಾಲುದಾರರಲ್ಲ, ಪೆಟ್ಟು ತಿಂದವರ ಸಾಲಿನಲ್ಲಿ ಅವರೂ ಇದ್ದಾರೆ.

ಈ ಮೂರನೆಯ ಮಾತನ್ನು ನಾವು ತಡವಾಗಿ ಕಲಿತೇವಿ. ನೀವು ಹೊತ್ತಿಗೆ ಸರಿಯಾಗಿ ಕಲಿಯಿರಿ. ಸಂಘ ಚಲೋ ನಡೆಯಲಿ, ಸುವರ್ಣ ಮಹೋತ್ಸವಕ್ಕೆ ನಿಮ್ಮ ಮಕ್ಕಳು ತಲೆ ಎತ್ತಿ ಇದೇ ವೇದಿಕೆ ಹತ್ತಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.