ನಮ್ಮ ವೈನಿ, ಊರಿನ ನರ್ಸಬಾಯಿ
(ಶಿವಗಣಾರಾಧನೆಯಂದು ಆಡಿದ ಮಾತುಗಳು)

 

ನಾನು ಭಾಷಣಕಾರನಲ್ಲ. ಸರಕಾರಿ ನೌಕರಿಯಲ್ಲಿ ಎಸ್ಟಿಮೇಟು ಬರೆದು ಆಯುಷ್ಯ ಕಳೆದವನು. ವೈನಿಯವರ ಬಗ್ಗೆ ನೀನೇ ಮಾತಾಡು ಎಂದು ಅಣ್ಣ ಅಂದದ್ದಕ್ಕೆ ನಿಂತಿದ್ದೇನೆ.

ಅವರು ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದು 2008ರಲ್ಲಿ ನಿವೃತ್ತರಾದರು. ನಿಮ್ಮಲ್ಲಿ ಹಿರಿಯರಿಗೆ ನಾರು ಹುಣ್ಣು ನೆನಪಿರಬೇಕು. ಕಾಲಲ್ಲಿ ಗುಳ್ಳೆ ಎದ್ದು ಒಡೆದು, ಬಿಳಿ ದಾರದಂಥ ಹುಳು ಹೊರಬರುತ್ತಿತ್ತು. ಮೊಳಕ್ಕೂ ಮೀರಿದ ಉದ್ದ. ಜಗ್ಗಿದರೆ ಹರಿದು ಕಾಲೆಲ್ಲ ಕೀವು. ವೈನಿ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಬಿಡಿಸುತ್ತಿದ್ದರು. ಒಂದೊಂದು ಕಾಲಿಗೆ ವಾರಗಟ್ಟಲೆ. ಆ ಕಾಲು ಮೆಟ್ಟಿಲು ಬಾವಿಯ ನೀರಿಗೆ ಇಳಿದರೆ ಹುಳು ಮರಿ ಬಿಡುತ್ತದೆ, ನೀರಲ್ಲಿರುವ ಸಣ್ಣ ಜೀವಿ ಅದನ್ನು ನುಂಗುತ್ತದೆ, ಆ ನೀರು ಕುಡಿದವರಿಗೆ ಸುಮಾರು ವರ್ಷದ ನಂತರ ಹುಣ್ಣು. ಲಸಿಕೆ ಇರಲಿಲ್ಲ. ನೀರು ಸೋಸಿ ಕುಡಿಯಬೇಕು, ಬಾವಿಗೆ ಕಾಲಿಡಬಾರದು, ಅಷ್ಟೇ ದಾರಿ.

1985ರ ಸುಮಾರು. ನಾನು ಹೊಸ ಜೂನಿಯರ್ ಇಂಜಿನಿಯರ್. “ಸಾಹೇಬ್ರ, ಆ ಬಾವಿ ಮೆಟ್ಟಿಲ ಮುಚ್ಚಿ ಕಟ್ಟಿ ಕಟ್ಟಸ್ರಿ, ಗಾಲಿ ಹಾಕ್ರಿ, ಮಂದಿ ಸೇದ್ಕೊಂಡು ಹೋಗ್ಲಿ” ಅಂದರು. ಕಾಗದ ಮೇಲೆ ಹೋಗಿದೆ, ಮಂಜೂರಾಗಬೇಕು ಎಂದೆ. “ಕಾಗದ ಮ್ಯಾಲ ಹೋಗ್ಯಾದ, ಮಂದಿ ಕೆಳಗ ಇಳ್ಯಾಕತ್ತಾರ.” ಅಂದು ನನಗೆ ಊಟ ಸೇರಲಿಲ್ಲ. ಆದರೂ ಮೆಟ್ಟಿಲು ಮುಚ್ಚಲು ಮತ್ತೊಂದು ಬೇಸಿಗೆ ಹಿಡಿಯಿತು. ಆ ವರ್ಷ ಹುಣ್ಣಾದವರ ಲೆಕ್ಕದಲ್ಲಿ ನನ್ನ ಪಾಲೂ ಇದೆ. 2000ದಲ್ಲಿ ಭಾರತ ನಾರು ಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದಾಗ ಪೇಪರು ತಂದು ತೋರಿಸಿದೆ. ಓದಿ, ಮಡಚಿಟ್ಟು, ರೊಟ್ಟಿ ಬಡಿಯಲು ಹೋದರು.

ಇನ್ನೊಂದು ತಪ್ಪು ಇಲ್ಲೇ ಒಪ್ಪಿಕೊಳ್ಳಬೇಕು. ರಾತ್ರಿಯೆಲ್ಲ ಕೇರಿಯಲ್ಲಿ ಹೆರಿಗೆ ಮಾಡಿಸಿ ಬೆಳಗಿನ ಜಾವ ಬಂದರೆ, ನಮ್ಮವ್ವ ಅವರನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ತಲೆ ಮೇಲೆ ನೀರು ಸುರಿಸುತ್ತಿದ್ದಳು. ಸೋಪು ಹಚ್ಚಿ ಕೈ ತೊಳೆಯುವುದು ನರ್ಸಿನ ನಿಯಮ, ಅದನ್ನು ವೈನಿ ಎಂದೂ ತಪ್ಪಿಸಿದವರಲ್ಲ. ಇದು ಬೇರೆ. ಲಿಂಗವಂತರಿಗೆ ಪಂಚಸೂತಕ ಇಲ್ಲವೆಂಬ ಭಾಷಣಕ್ಕೆ ಚಪ್ಪಾಳೆ ತಟ್ಟಿ ಬಂದ ನಾನೇ ಆ ನೀರಿನ ಕೊಡ ಎತ್ತಿ ಕೊಡುತ್ತಿದ್ದೆ. ಒಮ್ಮೆ ಚಳಿಗಾಲದಲ್ಲಿ ನಡುಗುತ್ತ ಕೇಳಿದರು: “ಅತ್ತೀ, ಹಡದಾಕಿಗೆ ಸೂತಕ ಇಲ್ಲಂದ್ರ ಹಡಿಸಿದಾಕಿಗೆ ಎಲ್ಲಿಂದ ಬಂತ್ರಿ?” ಅವ್ವ ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಮಾತಾಡಬೇಕಾದವನು ನಾನಿದ್ದೆ.

ಮೊಮ್ಮಗಳು ಬೆಳೆದದ್ದು ಅವರ ಮಡಿಲಲ್ಲಿ. ಹುಡುಗಿ ದೊಡ್ಡವಳಾದ ದಿನ ಹೊರಗೆ ಕೂರಿಸಿರೆಂದು ಬೀಗರ ಕಡೆಯವರು ಅಂದರು. ವೈನಿ ಯಾರಿಗೂ ಉತ್ತರ ಕೊಡಲಿಲ್ಲ. ಹೆಣಲು ಹಾಕಿ, ಹೂ ಮುಡಿಸಿ, ಸಂಜೆ ದಿನದಂತೆ ಪಕ್ಕಕ್ಕೆ ಕೂರಿಸಿಕೊಂಡು ಇಷ್ಟಲಿಂಗ ಪೂಜೆ ಮಾಡಿಸಿದರು.

ಮನೆಗೆ ಫಿಲ್ಟರ್ ಬಂದ ಮೇಲೂ ಅವರು ಕೊಡದ ಬಾಯಿಗೆ ಸೋಸುವ ಬಟ್ಟೆ ಕಟ್ಟುವುದು ಬಿಡಲಿಲ್ಲ. ಮೊಮ್ಮಗಳು ನಗುತ್ತಿದ್ದಳು. ಅವರು ಲಿಂಗೈಕ್ಯರಾದ ಮರುದಿನ ಅಡುಗೆ ಮನೆಗೆ ಹೋದೆ. ಹುಡುಗಿ ಆ ಬಟ್ಟೆ ಒಗೆದು ಕೊಡಕ್ಕೆ ಕಟ್ಟುತ್ತಿದ್ದಳು.